ಸೆಲ್ಲಾರ್‌ಗೆ ಯುಜಿಡಿ (ಒಳಚರಂಡಿ) ನೀರು ನುಗ್ಗಿದೆಯಾ? ಕಾಲಿಡುವ ಮುಂಚೆ ದಯವಿಟ್ಟು ಇದನ್ನು ಓದಿ

ಮಳೆಗಾಲ ಬಂತು. ಮೈಸೂರಿನಲ್ಲಿ ಸೆಲ್ಲಾರ್ ಇರುವ ಮನೆಯವರು, ಅದರಲ್ಲೂ ಸೆಲ್ಲಾರ್‌ನಲ್ಲೇ ಒಂದು ಬಾತ್‌ರೂಮ್ ಮಾಡಿಸಿಕೊಂಡವರು, ಇದನ್ನು ಪೂರ್ತಿ ಓದಬೇಕು ಅಂತ ಕೇಳಿಕೊಳ್ತೀನಿ. ಹೋದ ವರ್ಷ ನಮ್ಮ ಮನೆಗೆ ನೀರು ನುಗ್ಗಿದಾಗ ನೀರಿನಿಂದ ಹಾಳಾದದ್ದು ಬರೀ ಸಾಮಾನು. ಬೇಗ ಖಾಲಿ ಮಾಡಿಸಿ, ಬೇಗ ತೊಳೆಸಿ ಮುಗಿಸಿಬಿಡೋಣ ಅಂತ ನಾವು ಅವಸರಕ್ಕೆ ಬಿದ್ದೆವಲ್ಲ, ಅದರಿಂದ ಕೆಲಸಕ್ಕೆ ಬಂದ ಒಬ್ಬ ಹುಡುಗ ಉಸಿರು ಕಟ್ಟಿ ಆಸ್ಪತ್ರೆ ಸೇರಿದ. ನಮ್ಮ ಯಜಮಾನರು ಹನ್ನೊಂದು ದಿನ ವಾರ್ಡ್‌ನಲ್ಲಿ ಮಲಗಿದರು.

ನಮ್ಮ ಮನೆ ಇರುವುದು ರಾಮಕೃಷ್ಣನಗರದಿಂದ ಲಿಂಗಾಂಬುಧಿ ಕೆರೆ ಕಡೆಗೆ ಇಳಿಯುವ ರಸ್ತೆಯಲ್ಲಿ. 1828ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ ಅದು. ನಮ್ಮ ರಸ್ತೆಯ ಮಳೆನೀರು ಹರಿಯುವುದು ಆ ಕಡೆಗೇ. ಸೈಟ್ ಇಳಿಜಾರಾಗಿದ್ದರಿಂದ ಮನೆ ಕಟ್ಟಿದ ಕಂಟ್ರಾಕ್ಟರ್ "ಸುಮ್ನೆ ಮಣ್ಣು ತುಂಬಿಸೋ ಬದ್ಲು ಸೆಲ್ಲಾರ್ ಮಾಡ್ಕೊಳಿ ಮೇಡಂ, ಜಾಗ ಸಿಗುತ್ತೆ" ಅಂದರು. ಮಾಡಿಸಿದೆವು. ಇನ್ವರ್ಟರ್, ವಾಷಿಂಗ್ ಮಷಿನ್, ಮಗನ ಸ್ಕೂಟರ್, ಮೂಲೆಯಲ್ಲೊಂದು ಚಿಕ್ಕ ಬಾತ್‌ರೂಮ್, ಎಲ್ಲ ಅಲ್ಲೇ. ಅದರ ಜೊತೆಗೆ ಬೊಂಬೆಗಳ ಟ್ರಂಕು.

ಆ ಟ್ರಂಕಿನ ವಿಷಯ ಹೇಳಲೇಬೇಕು, ಯಾಕಂದ್ರೆ ಯಜಮಾನರು ನೀರಿಗಿಳಿದದ್ದು ಅದಕ್ಕಾಗಿಯೇ. ನಮ್ಮತ್ತೆಯವರ ಮದುವೆಯಲ್ಲಿ ತವರಿನಿಂದ ಕೊಟ್ಟ ಪಟ್ಟದ ಬೊಂಬೆ ಜೋಡಿ ಅದರಲ್ಲಿತ್ತು. ರಕ್ತಚಂದನದ ರಾಜ, ರಾಣಿ. ಪ್ರತಿ ನವರಾತ್ರಿಗೂ ಹೊಸ ರೇಷ್ಮೆ ತುಂಡು ಉಡಿಸಿ ಕೂರಿಸ್ತೀವಿ. ಹೋದ ವರ್ಷವೂ ದಸರಾ ಮುಗಿದ ಮೇಲೆ ಹಳೆ ಪಂಚೆಯಲ್ಲಿ ಸುತ್ತಿ, ಟ್ರಂಕಿಗೆ ಹಾಕಿ, ಸೆಲ್ಲಾರ್‌ಗೆ ಇಳಿಸಿದ್ದೆ. ವಾರ ಕಳೆದಿರಲಿಲ್ಲ, ಚಿತ್ತಾ ಮಳೆ ಹಿಡಿಯಿತು.

ರಾತ್ರಿ ಎರಡು ಗಂಟೆ ಇರಬೇಕು. ಕೆಳಗಿನ ಬಾತ್‌ರೂಮಿನ ಜಾಲರಿಯಿಂದ ಗುಳುಗುಳು ಅಂತ ಸದ್ದು ಬರ್ತಿತ್ತು, ಬಾಟಲಿಗೆ ನೀರು ತುಂಬುವಾಗ ಬರುತ್ತಲ್ಲ ಹಾಗೆ. ಮಳೆ ಸದ್ದು ಅಂದುಕೊಂಡು ಮಗ್ಗಲು ಬದಲಿಸಿ ಮಲಗಿದೆ. ಆ ಸದ್ದನ್ನು ನೀವು ಕೇಳಿದರೆ ತಕ್ಷಣ ಏಳಿ. ರಸ್ತೆಯ ಯುಜಿಡಿ ಪೈಪ್ ತುಂಬಿ, ನೀರು ಹಿಂದಕ್ಕೆ ಬರುತ್ತಾ ಪೈಪಿನೊಳಗಿನ ಗಾಳಿಯನ್ನು ತಳ್ಳುತ್ತಿದೆ ಅಂತ ಅರ್ಥ. ಆಗಲೇ ಎದ್ದು ನಲ್ಲಿ, ಫ್ಲಶ್ ಎಲ್ಲ ನಿಲ್ಲಿಸಿ, ಕೆಳಗಿನ ಕಮೋಡ್ ಬಾಯಿಗೆ ಮರಳಿನ ಮೂಟೆ ಅದುಮಿದ್ದರೆ ಅರ್ಧಕ್ಕರ್ಧ ನೀರು ತಡೆಯುತ್ತಿತ್ತು ಅಂತ ಆಮೇಲೆ ಪ್ಲಂಬರ್ ಹೇಳಿದ.

ಬೆಳಿಗ್ಗೆ ನೋಡಿದರೆ ಮೊಣಕಾಲುದ್ದ ನೀರು. ಕಪ್ಪಗೆ, ಮೇಲೆ ಎಣ್ಣೆಯ ಜಿಡ್ಡು, ಅದರಲ್ಲಿ ತೇಲುವ ಹೊಲಸು. ಟ್ರಂಕು ಅರ್ಧ ಮುಳುಗಿತ್ತು. ಯಜಮಾನರು ಮೇನ್ ಆಫ್ ಮಾಡಿದರು, ಪಂಚೆ ಎತ್ತಿ ಕಟ್ಟಿದರು, ಬರಿಗಾಲಲ್ಲೇ ಇಳಿದುಬಿಟ್ಟರು. ಎದುರುಮನೆಯವರು ಲೈನ್‌ಮನ್ ಆಗಿದ್ದು ನಿವೃತ್ತರಾದವರು. ಕಾಂಪೌಂಡಿನಿಂದಲೇ ಕೂಗಿದರು: "ಮೇಷ್ಟ್ರೇ, ಇನ್ವರ್ಟರ್ ಆಫ್ ಮಾಡಿದ್ರಾ? ಮೊದ್ಲು ಮೇಲಕ್ಕೆ ಬನ್ನಿ!" ಮಾಡಿರಲಿಲ್ಲ. ಮೇನ್ ತೆಗೆದ ಕೂಡಲೇ ಇನ್ವರ್ಟರ್ ತಾನಾಗಿಯೇ ಮನೆಗೆ ಕರೆಂಟ್ ಕೊಡಲು ಶುರು ಮಾಡುತ್ತೆ ಅನ್ನುವುದು ನಮಗೆ ಆ ಹೊತ್ತಿಗೆ ಹೊಳೆಯಲೇ ಇಲ್ಲ. ಪ್ಲಗ್ ಪಾಯಿಂಟ್‌ಗೂ ನೀರಿಗೂ ನಡುವೆ ಇದ್ದದ್ದು ನಾಲ್ಕು ಬೆರಳು. ಸ್ವಿಚ್ ಮುಟ್ಟಬೇಕಾದರೂ ನೀರಲ್ಲಿ ನಿಂತೇ ಮುಟ್ಟಬೇಕು ಅನ್ನುವ ಸ್ಥಿತಿ ಇದ್ದರೆ ಮುಟ್ಟಲೇಬೇಡಿ. 1912ಕ್ಕೆ ಫೋನ್ ಮಾಡಿ, ಕರೆಂಟ್ ಕಂಪನಿ ಸೆಸ್ಕ್‌ನವರಿಗೆ ಹೇಳಿ ಕಂಬದಿಂದಲೇ ಲೈನ್ ತೆಗೆಸಿ, ಇನ್ವರ್ಟರ್‌ಗೆ ಎಲೆಕ್ಟ್ರಿಷಿಯನ್ ಕರೆಸಿ.

ಯಜಮಾನರು ಟ್ರಂಕು ಎತ್ತಿಕೊಂಡೇ ಬಂದರು. ಕಾಲಿಗೆ ಒಡೆದ ಟೈಲ್ ತಾಗಿ ಹಿಮ್ಮಡಿ ಹತ್ತಿರ ಒಂದಂಗುಲ ಸೀಳಿತ್ತು. ಅರಿಶಿನ ಒತ್ತಿ ಬಟ್ಟೆ ಕಟ್ಟಿದೆ. ಅಷ್ಟೇ ಮಾಡಿದ್ದು. ಸೋಪು ಹಾಕಿ ತೊಳೆಯಲಿಲ್ಲ, ಟಿ.ಟಿ. ಹಾಕಿಸಲಿಲ್ಲ, ಡಾಕ್ಟರಿಗೆ ತೋರಿಸಲಿಲ್ಲ.

ಇನ್ನು ಕ್ಲೀನಿಂಗ್‌ನವರ ವಿಷಯ. ಪೇಪರ್ ಜೊತೆ ಬಂದಿದ್ದ ಪಾಂಪ್ಲೆಟ್ ನೋಡಿ ಫೋನ್ ಮಾಡಿದೆ. ಹದಿನೆಂಟು ಸಾವಿರ ಅಂದರು, ಹತ್ತು ಸಾವಿರ ಮುಂಗಡ ಹಾಕಿಸಿಕೊಂಡರು. "ಮಷಿನ್, ಕೆಮಿಕಲ್, ಟ್ರೇನಿಂಗ್ ಆದ ಸ್ಟಾಫ್" ಅಂತ ಮಾತು. ಬಂದವರು ಇಬ್ಬರು ಹುಡುಗರು, ಇಪ್ಪತ್ತು ಇಪ್ಪತ್ತೆರಡರ ವಯಸ್ಸು, ಹವಾಯಿ ಚಪ್ಪಲಿಯಲ್ಲಿ. ಕೈಗವಸಿಲ್ಲ, ಬೂಟಿಲ್ಲ. ಒಂದು ಪೆಟ್ರೋಲ್ ಪಂಪ್, ಎರಡು ಬಕೆಟ್, ಬ್ಲೀಚಿಂಗ್ ಪೌಡರ್, ಐದು ಲೀಟರ್ ಆಸಿಡ್ ಕ್ಯಾನ್. ಆ ಕಾಲುಗಳನ್ನು ನೋಡಿದಾಗಲೇ ನಾನು ಬೇಡ ಅನ್ನಬೇಕಿತ್ತು.

ಅವರು ಪಂಪನ್ನು ಸೆಲ್ಲಾರ್‌ನ ಒಳಗೇ ಮೆಟ್ಟಿಲ ಮೇಲಿಟ್ಟು ಸ್ಟಾರ್ಟ್ ಮಾಡಿದರು. ಅರ್ಧ ಗಂಟೆಯಲ್ಲಿ ಇಬ್ಬರಿಗೂ ತಲೆನೋವು, ವಾಕರಿಕೆ. ಪೆಟ್ರೋಲ್ ಎಂಜಿನ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ, ಅದಕ್ಕೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ. ಮುಚ್ಚಿದ ಜಾಗದಲ್ಲಿ ಜೀವ ತೆಗೆಯುತ್ತೆ. ಎಂಜಿನ್ ಹೊರಗೆ ರಸ್ತೆಬದಿಯಲ್ಲಿರಬೇಕು, ಪೈಪ್ ಮಾತ್ರ ಒಳಗೆ. ನಮ್ಮದು ಮೊಣಕಾಲುದ್ದ ನೀರು, ಅದಕ್ಕೆ ಒಂದೇ ಸಲ ಖಾಲಿ ಮಾಡಿದ್ದರಿಂದ ಗೋಡೆಗೆ ತೊಂದರೆ ಆಗಲಿಲ್ಲ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ಹಾಗೆ ಆಳುದ್ದ ತುಂಬಿದ್ದರೆ ಹೊರಗಿನ ನೀರು ಇಳಿಯುವ ತನಕ ಕಾಯಬೇಕು, ಆಮೇಲೂ ದಿನಕ್ಕಿಷ್ಟು ಅಂತ ಇಳಿಸಬೇಕು. ಹೊರಗಿನ ಮಣ್ಣು ನೀರು ಕುಡಿದು ಗೋಡೆಯನ್ನು ಒತ್ತುತ್ತಿರುತ್ತೆ, ಒಳಗಿನ ನೀರು ಒಮ್ಮೆಗೇ ಹೋದರೆ ಗೋಡೆ ಒಳಕ್ಕೆ ಕುಸಿಯಬಹುದು.

ಆಮೇಲೆ ನಡೆದದ್ದನ್ನು ಬರೆಯುವಾಗ ಈಗಲೂ ನನ್ನ ಕೈ ನಡುಗುತ್ತೆ. ನೀರು ಪೂರ್ತಿ ಹೋಗ್ತಿಲ್ಲ, ಚೇಂಬರ್ ಕಟ್ಟಿದೆ ಅಂತ ಚಿಕ್ಕ ಹುಡುಗ ಮನೆ ಮುಂದಿನ ಯುಜಿಡಿ ಚೇಂಬರ್ ಮುಚ್ಚಳ ಎಬ್ಬಿಸಿದ. ಎಂಟು ಅಡಿ ಆಳ. "ಅಮ್ಮಾ, ನಾನೇ ಇಳ್ದು ತೆಗೀತೀನಿ, ಐದು ನಿಮಿಷ. ಮೇಲೆ ಐನೂರು ಕೊಟ್ಬಿಡಿ" ಅಂದ. ನಾನು ಹೂಂ ಅನ್ನಲು ಬಾಯಿ ತೆರೆದಿದ್ದೆ. ಎದುರುಮನೆಯವರು ಓಡಿಬಂದು ಅವನ ರಟ್ಟೆ ಹಿಡಿದು ಹಿಂದಕ್ಕೆಳೆದರು. "ಅದರೊಳಗೆ ಇಳಿದವರು ಮೇಲೆ ಬರಲ್ಲ ಕಣಪ್ಪಾ" ಅಂದರು.

ಇದು ಹೆದರಿಸಲು ಹೇಳುವ ಮಾತಲ್ಲ. ಚರಂಡಿಯ ತಳದಲ್ಲಿ ಹೈಡ್ರೋಜನ್ ಸಲ್ಫೈಡ್ ಅನ್ನುವ ಅನಿಲ ನಿಂತಿರುತ್ತೆ, ಗಾಳಿಗಿಂತ ಭಾರ. ಕಮ್ಮಿ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದರೆ ಮೂಗೇ ಸತ್ತುಹೋಗಿ ವಾಸನೆ ತಿಳಿಯುವುದೇ ಇಲ್ಲ, ಒಂದೆರಡು ಉಸಿರಿಗೆ ಎಚ್ಚರ ತಪ್ಪುತ್ತೆ. ಅವನನ್ನು ಎತ್ತಲು ಇನ್ನೊಬ್ಬ ಇಳೀತಾನೆ, ಅವನೂ ಬೀಳ್ತಾನೆ. ಒಂದೇ ಗುಂಡಿಯಲ್ಲಿ ಇಬ್ಬರು ಮೂವರು ಸತ್ತ ಸುದ್ದಿ ನಾವು ಓದುವುದು ಇದರಿಂದಲೇ. ಯುಜಿಡಿಗೋ ಸೆಪ್ಟಿಕ್ ಟ್ಯಾಂಕಿಗೋ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದ ತನಕ ಜೈಲು, ಎರಡು ಲಕ್ಷದ ತನಕ ದಂಡ ಆಗಬಹುದು. ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಐನೂರು ರೂಪಾಯಿಗೆ ನಾನು ಹೂಂ ಅನ್ನಲಿದ್ದದ್ದು ಇದಕ್ಕೆ. ಚೇಂಬರ್ ಕಟ್ಟಿದರೆ ಪಾಲಿಕೆಗೆ ಹೇಳಿ, ಇಲ್ಲ ಇದಕ್ಕೇ ಇರುವ ಸಹಾಯವಾಣಿ 14420ಕ್ಕೆ ಫೋನ್ ಮಾಡಿ. ನಮ್ಮಲ್ಲಿಗೆ ಮಧ್ಯಾಹ್ನ ಪೈಪಿಗೆ ರಭಸವಾಗಿ ನೀರು ಹಾಯಿಸಿ ಕಸ ಬಿಡಿಸುವ ಜೆಟ್ಟಿಂಗ್ ಗಾಡಿ ಬಂತು, ಯಾರೂ ಒಳಗಿಳಿಯದೆ ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು.

ಒಂದು ತಪ್ಪಿತು ಅಂದುಕೊಳ್ಳುವಾಗಲೇ ಇನ್ನೊಂದು. ನೀರು ಹೋದ ಮೇಲೆ ಉಳಿದ ಕೆಸರಿನ ಮೇಲೆ ಹುಡುಗರು ಬ್ಲೀಚಿಂಗ್ ಪೌಡರ್ ಎರಚಿದರು. ಕಲೆ ಹೋಗಲಿ ಅಂತ ಅದರ ಮೇಲೇ ಆಸಿಡ್ ಸುರಿದರು. ಬುಸ್ಸೆಂದು ನೊರೆ ಎದ್ದಿತು, ಹಸಿರು ಹಳದಿ ಹೊಗೆ ನೆಲದ ಮೇಲೆ ಹರಡಿತು. ದೊಡ್ಡವನು ಹೇಗೋ ಓಡಿಬಂದ. ಚಿಕ್ಕವನು ಮೆಟ್ಟಿಲಲ್ಲೇ ಕುಸಿದು ಕೂತ, ಕೆಮ್ಮಿ ಕೆಮ್ಮಿ ಮಾತೇ ಹೊರಡುತ್ತಿಲ್ಲ, ಎರಡು ಕಣ್ಣಲ್ಲೂ ನೀರು. ಎಳೆದು ಹೊರಗೆ ಗಾಳಿಗೆ ಹಾಕಿ, ಮುಖ ತೊಳೆಸಿ, ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಾತ್ರಿಯ ತನಕ ಆಮ್ಲಜನಕ ಹಾಕಿದ್ದರು. ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತೆ. ನಮ್ಮಲ್ಲಿ ಎಷ್ಟೋ ಮನೆಯ ಬಾತ್‌ರೂಮಿನಲ್ಲಿ ಇವೆರಡೂ ಅಕ್ಕಪಕ್ಕದಲ್ಲೇ ಇರುತ್ತವೆ. ದಯವಿಟ್ಟು ಇವತ್ತೇ ಬೇರೆ ಬೇರೆ ಕಡೆ ಇಡಿ.

ಕ್ಲೀನಿಂಗ್ ಮಾಲೀಕರಿಗೆ ಫೋನ್ ಮಾಡಿದರೆ "ಮಿಕ್ಸ್ ಮಾಡ್ಬೇಡಿ ಅಂತ ಅವ್ರಿಗೆ ಹೇಳಿದ್ದೆ" ಅಂದರು. ಸಂಜೆಯಿಂದ ಫೋನ್ ಸ್ವಿಚ್ಡ್ ಆಫ್. ಹತ್ತು ಸಾವಿರವೂ ಹೋಯಿತು.

ಅಸಲಿಗೆ ಕೆಸರಿನ ಮೇಲೆ ಬ್ಲೀಚಿಂಗ್ ಹಾಕಿದ್ದೇ ದಂಡ. ಹೊಲಸು ಅದರ ಶಕ್ತಿಯನ್ನೆಲ್ಲ ಹೀರಿಬಿಡುತ್ತೆ, ಕ್ರಿಮಿ ಸಾಯಲ್ಲ. ಮೊದಲು ಕೆಸರು ಬಳಿದು ತೆಗೆಯಬೇಕು, ಸೋಪಿನ ನೀರಲ್ಲಿ ತಿಕ್ಕಿ ತೊಳೆಯಬೇಕು, ಆಮೇಲೆ ಬ್ಲೀಚಿಂಗ್ ಕಲಸಿದ ನೀರು ಹಾಕಿ ಸ್ವಲ್ಪ ಹೊತ್ತು ಬಿಡಬೇಕು. ಮೊಣಕಾಲುದ್ದ ಗಮ್ ಬೂಟು, ದಪ್ಪ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲೇಬೇಕು. ನಾವೇ ಕೊನೆಗೆ ಹಾಗೆ ಮಾಡಿದೆವು, ಮೂರು ದಿನ ಹಿಡಿಯಿತು. ಹಾಸಿಗೆ, ರಟ್ಟಿನ ಡಬ್ಬ, ಸ್ಪಂಜು ಇರುವ ಯಾವುದನ್ನೂ ಉಳಿಸಿಕೊಳ್ಳಬೇಡಿ. ಗೋಡೆ ಒಣಗುವ ಮುಂಚೆ ಪೇಂಟ್ ಬೇಡ. ನಾವು ಹದಿನೈದು ದಿನಕ್ಕೇ ಹೊಡೆಸಿ, ಅದು ಹಪ್ಪಳದ ಹಾಗೆ ಎದ್ದು ಬಂತು. ನಲ್ಲಿ ನೀರಿನ ಸಂಪ್ ಮುಚ್ಚಳ ಸೆಲ್ಲಾರ್ ಮಟ್ಟದಲ್ಲೇ ಇದ್ದರೆ ಆ ನೀರು ಬಾಯಿಗೂ ಬೇಡ, ಪಾತ್ರೆಗೂ ಬೇಡ. ಪೂರ್ತಿ ಖಾಲಿ ಮಾಡಿ ತೊಳೆಸಿ, ಪರೀಕ್ಷೆ ಮಾಡಿಸಿದ ಮೇಲೆ ಬಳಸಿ. ಸ್ಕೂಟರ್, ಕಾರು ಮುಳುಗಿದ್ದರೆ ಸ್ಟಾರ್ಟ್ ಮಾಡಿ ನೋಡಲೂ ಬೇಡಿ. ಎಂಜಿನ್‌ಗೆ ನೀರು ಹೋಗಿದ್ದರೆ ಆ ಒಂದು ಸ್ಟಾರ್ಟ್‌ಗೇ ಕೆಡುತ್ತೆ, ಇನ್ಶೂರೆನ್ಸ್‌ನವರು ಆ ನಷ್ಟ ಕೊಡದೇ ಇರಬಹುದು.

ಒಂಬತ್ತನೇ ದಿನ ಯಜಮಾನರಿಗೆ ಚಳಿಜ್ವರ. ಮಾಮೂಲಿ ವೈರಲ್ ಅಂತ ಗುಳಿಗೆ ತಂದೆವು. ಕಣ್ಣು ಕೆಂಪಗಾಯಿತು, ಮೀನಖಂಡ ಮುಟ್ಟಲು ಬಿಡುತ್ತಿರಲಿಲ್ಲ, ಅಷ್ಟು ನೋವು. ನಾಲ್ಕನೇ ದಿನ ಕಣ್ಣಿನ ಬಿಳಿಭಾಗ ಹಳದಿ. ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಲೇಡಿ ಡಾಕ್ಟರ್ ಮೊದಲು ಕೇಳಿದ್ದೇ "ಇತ್ತೀಚೆಗೆ ಕೊಳಚೆ ನೀರಲ್ಲಿ ಇಳಿದಿದ್ರಾ ಸರ್?" ಅಂತ. ಇಲಿಜ್ವರ. ಇಲಿ, ಹೆಗ್ಗಣಗಳ ಮೂತ್ರ ಸೇರಿದ ನೀರಿನಿಂದ ಗಾಯದ ಮೂಲಕ ಒಳಗೆ ಹೋಗುತ್ತೆ, ನೀರಲ್ಲಿ ನೆನೆದ ಚರ್ಮದಿಂದಲೂ ಹೋಗುತ್ತೆ. ಎರಡು ದಿನದಿಂದ ಒಂದು ತಿಂಗಳೊಳಗೆ ಯಾವಾಗ ಬೇಕಾದರೂ ಜ್ವರ ಬರಬಹುದು. ಬೇಗ ಗೊತ್ತಾದರೆ ಸಾಮಾನ್ಯ ಆಂಟಿಬಯೋಟಿಕ್ಸ್‌ಗೇ ವಾಸಿ. ತಡವಾದರೆ ಲಿವರ್, ಕಿಡ್ನಿಗೆ ಹೋಗುತ್ತೆ. ಇವರಿಗೆ ಕಿಡ್ನಿ ತನಕ ಹೋಗಿತ್ತು, ಡಯಾಲಿಸಿಸ್ ಬೇಕಾಗಬಹುದು ಅಂದ ಆ ಎರಡು ರಾತ್ರಿಗಳನ್ನು ನಾನು ಮರೆಯಲಾರೆ. ಬೇಕಾಗಲಿಲ್ಲ. ಇಂಥ ನೀರಿಗೆ ಇಳಿದವರು ಅದೇ ದಿನ ಡಾಕ್ಟರ್ ಹತ್ತಿರ ಹೋಗಿ, ಮುಂಜಾಗ್ರತೆ ಮಾತ್ರೆ ಬೇಕಾ ಕೇಳಿ. ಆಮೇಲೆ ಜ್ವರ ಬಂದರೆ ಅವರು ಕೇಳುವ ತನಕ ಕಾಯದೆ ನೀವಾಗಿಯೇ ಬಾಯಿಬಿಟ್ಟು ಹೇಳಿ.

ಪ್ಲಂಬರ್ ಅಗೆದಾಗ ಇನ್ನೊಂದು ಗೊತ್ತಾಯಿತು. ನಮ್ಮ ತಾರಸಿಯ ಮಳೆನೀರಿನ ಪೈಪನ್ನು ಕಂಟ್ರಾಕ್ಟರ್ ಯುಜಿಡಿ ಚೇಂಬರ್‌ಗೇ ಸೇರಿಸಿದ್ದರು. ನಮ್ಮ ಸಾಲಿನಲ್ಲಿ ಇನ್ನೂ ಹಲವು ಮನೆಗಳಲ್ಲಿ ಹಾಗೇ ಇತ್ತು. ಮನೆಬಳಕೆಯ ನೀರಿಗೆ ಅಂತ ಹಾಕಿದ ಪೈಪಿಗೆ ಇಷ್ಟು ತಾರಸಿಗಳ ಮಳೆ ಇಳಿದರೆ ಅದು ಎಲ್ಲಿಗೆ ಹೋಗಬೇಕು? ರಸ್ತೆಯ ಮ್ಯಾನ್‌ಹೋಲ್‌ಗಿಂತ ತಗ್ಗಿನಲ್ಲಿರುವ ಬಾಯಿ ಹುಡುಕಿ ಬರುತ್ತೆ, ಅದು ನಮ್ಮ ಸೆಲ್ಲಾರ್ ಕಮೋಡ್. ಮಳೆ ಪೈಪ್ ಬೇರೆ ಮಾಡಿಸಿ ಇಂಗುಗುಂಡಿಗೆ ಬಿಟ್ಟೆವು, ಯುಜಿಡಿ ಲೈನ್‌ಗೆ ನೀರು ಹಿಂದಕ್ಕೆ ಬಾರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿಸಿದೆವು. ವಾಲ್ವ್ ಮುಚ್ಚಿಕೊಂಡಿರುವಾಗ ಮೇಲಿನ ನಲ್ಲಿ ಬಿಟ್ಟರೆ ನಮ್ಮ ನೀರೇ ನಮ್ಮ ಸೆಲ್ಲಾರ್‌ಗೆ ಬರುತ್ತೆ, ಅದು ನೆನಪಿರಲಿ. ವರ್ಷಕ್ಕೆರಡು ಸಲ ಬಿಚ್ಚಿ ತೊಳೆಸಬೇಕು, ಕೂದಲು ಸಿಕ್ಕಿಕೊಂಡರೆ ಅದು ಮುಚ್ಚುವುದಿಲ್ಲ.

ಮಣ್ಣಿನ ಬೊಂಬೆಗಳು ಕರಗಿ ಹೋದವು. ಪಟ್ಟದ ರಾಜ ರಾಣಿಯನ್ನು ಸೋಪಲ್ಲಿ ತೊಳೆದು ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸಿದೆ. ರಾಜನ ಹಣೆಯಿಂದ ಗಲ್ಲದ ತನಕ ಒಂದು ಬಿರುಕು ಬಿಟ್ಟಿದೆ. ಈಗ ಇಬ್ಬರೂ ಅಟ್ಟದ ಮೇಲಿದ್ದಾರೆ.

ಆ ಚಿಕ್ಕ ಹುಡುಗ ಎರಡು ವಾರ ಬಿಟ್ಟು ಬಂದಿದ್ದ, ಬಿಟ್ಟುಹೋದ ಚಪ್ಪಲಿ ಕೇಳಿಕೊಂಡು. ಅವತ್ತಿನ ಕೂಲಿಯನ್ನು ಮಾಲೀಕರು ಕೊಟ್ಟಿರಲಿಲ್ಲ. ನಾವು ಕೊಟ್ಟೆವು, ಆಸ್ಪತ್ರೆ ಬಿಲ್ ಮೊದಲೇ ಕಟ್ಟಿದ್ದೆವು. ನಮ್ಮ ಮನೆಯ ಐದು ಮೆಟ್ಟಿಲು ಹತ್ತುವುದಕ್ಕೆ ಅವನು ಎರಡು ಸಲ ನಿಂತ. ಈಗ ಕೆಲಸಕ್ಕೆ ಕರೆದರೆ ಬೂಟು, ಗ್ಲೌಸ್ ಕೇಳ್ತಾನಂತೆ. ಕೇಳಲು ಶುರು ಮಾಡಿದ ಮೇಲೆ ಆ ಮಾಲೀಕರು ಅವನನ್ನು ಕರೆಯುವುದನ್ನೇ ಬಿಟ್ಟಿದ್ದಾರೆ.