ಐವತ್ತು ಕಿಲೋಮೀಟರ್ ಹುಟ್ಟುಹಬ್ಬಕ್ಕೆ ನೀರು ಕೊಟ್ಟ ಜಗ್

20 ಲೀಟರ್ ಹಿಡಿಯುವ, ಎರಡು ಪದರದ ಪ್ಲಾಸ್ಟಿಕ್ ಗೋಡೆಗಳ ನಡುವೆ ಫೋಮ್ ತುಂಬಿದ, ಬುಡದಲ್ಲಿ ನಲ್ಲಿಯಿರುವ ನೀರಿನ ಜಗ್ ಒಂದರ ವಿಮರ್ಶೆ ಇದು. ಅಕ್ಕನಿಗೆ 50 ತುಂಬಿದಾಗ 50 ಕಿಲೋಮೀಟರ್ ಓಟ ಇಟ್ಟುಕೊಂಡೆವು. ಅದಕ್ಕೆಂದು ಕೊಂಡ ಜಗ್ ಆಮೇಲೆ ಓಟದ ಗೆಳೆಯರ ಎಷ್ಟೋ ಹುಟ್ಟುಹಬ್ಬಗಳಿಗೆ ಹೋಗಿಬಂದಿದೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ಇದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಜಗ್ಗುಗಳು ಹಲವು ಹೆಸರಿನಲ್ಲಿ ಸಿಗುತ್ತವೆ. ನೋಡಬೇಕಾದದ್ದು ನಲ್ಲಿ, ಮುಚ್ಚಳ ಮತ್ತು ವಾಷರ್, ಈ ಮೂರನ್ನು.

ಅಕ್ಕನ ಷರತ್ತು ಒಂದೇ ಆಗಿತ್ತು. “ಬಂದವರೆಲ್ಲ ಓಡಬೇಕು. ನೀನು ನೀರಿನ ಮೇಜಿನ ಹಿಂದೆ ನಿಲ್ಲುವುದಾದರೆ ನನಗೆ ಈ ಓಟವೇ ಬೇಡ.” ಅವಳ ಮಾತು ನನಗೆ ಪೂರ್ತಿ ಒಪ್ಪಿಗೆ. ಶುಲ್ಕ, ಪದಕ, ಉಪಚಾರ ಯಾವುದೂ ಇಲ್ಲದ ಇಂಥ ಗೆಳೆಯರ ಓಟಗಳನ್ನು 1970ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಜೋ ಓಕ್ಸ್ ಶುರುಮಾಡಿದರು. ಅವರ ಮೊದಲ ಓಟವೂ ಐವತ್ತರದೇ, ಆದರೆ ಮೈಲಿಗಳ ಲೆಕ್ಕದಲ್ಲಿ. ಅಲ್ಲಿಂದ ಇಲ್ಲಿಯವರೆಗೂ ಈ ಓಟಗಳ ಜೀವ ಇರುವುದು ಕರೆದವರೂ ಬಂದವರೂ ಒಟ್ಟಿಗೆ ಓಡುವುದರಲ್ಲಿ. ಹಾಗಾದರೆ ನೀರು ಕೊಡುವವರು ಯಾರು? ಯಾರೂ ಕಾಯದೆ, ಯಾರೂ ಬಗ್ಗಿಸಿ ಸುರಿಯದೆ, ಬಂದವರು ತಾವೇ ತುಂಬಿಕೊಂಡು ಹೋಗುವಂಥ ವ್ಯವಸ್ಥೆ ಬೇಕು. ಈ ಜಗ್ಗನ್ನು ನಾನು ಅಳೆಯುವುದು ಆ ಒಂದು ಕೋಲಿನಿಂದ.

ಸುತ್ತಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ. 5 ಕಿಲೋಮೀಟರಿನ ಸುತ್ತು, 10 ಸಲ. ಕಿಲೋಮೀಟರಿಗೆ ಏಳೆಂಟು ನಿಮಿಷದ ಓಟವಾದರೆ 35ರಿಂದ 40 ನಿಮಿಷಕ್ಕೊಮ್ಮೆ ಎಲ್ಲರೂ ಜಗ್ಗಿನ ಮುಂದೆ ಹಾಯುತ್ತಾರೆ. ಒಂದು ಸುತ್ತು ಓಡಿ ಹಾರೈಸಿ ಹೋಗುವವರಿಗೂ ಜಾಗವಿದೆ, ಹತ್ತೂ ಸುತ್ತು ಓಡುವವರಿಗೂ ಜಾಗವಿದೆ. ತಲೆಗೆ 300 ಮಿಲಿ ಎಂದು ಹಿಡಿದರೆ 15 ಜನರಿಗೆ ಸುತ್ತಿಗೆ ನಾಲ್ಕೂವರೆ ಲೀಟರ್. ನಾಲ್ಕು ಸುತ್ತಿಗೆ ಜಗ್ ಬರಿದು. ಕೊನೆಯ ಸುತ್ತುಗಳಲ್ಲಿ ಜನ ಕಡಿಮೆಯಾಗುವುದರಿಂದ ಎರಡು ಸಲ ಮರುತುಂಬಿಸಿದರೆ ಸಾಕೇ ಸಾಕು. ಹತ್ತು ಲೀಟರಿನದು ಈ ಕೆಲಸಕ್ಕೆ ಚಿಕ್ಕದಾಯಿತು.

ಈಗ ನಲ್ಲಿಯ ವಿಷಯ. ಇಂಥ ಜಗ್ಗುಗಳಿಗೆ ಎರಡು ಬಗೆಯ ನಲ್ಲಿ ಬರುತ್ತದೆ. ಒಂದು ಗುಂಡಿಯದು: ಹೆಬ್ಬೆರಳಿನಿಂದ ಬಲವಾಗಿ ಒತ್ತಿಯೇ ಇರಬೇಕು. ಇನ್ನೊಂದು ಹಿಡಿಕೆಯದು. ಗುಂಡಿಯ ನಲ್ಲಿ ಮನೆಗೆ ಚೆನ್ನ. ಓಟಗಾರರಿಗೆ ಅದು ಹಿಂಸೆ. ಈಗ ಹೆಚ್ಚಿನವರು ತರುವುದು ಎದೆಯ ಜೇಬಿನಲ್ಲಿ ಕೂರುವ ಅರ್ಧ ಲೀಟರಿನ ಮೆತ್ತನೆಯ ಬಾಟಲಿ. ಬರಿದಾದಾಗ ಅದು ಕೈಯಲ್ಲಿ ಮುದುಡಿಕೊಳ್ಳುತ್ತದೆ, ಬಾಯಿಯ ಕಂಠವನ್ನು ಬೆರಳಿನಿಂದ ಹಿಡಿದೇ ನಲ್ಲಿಗೆ ಒಡ್ಡಬೇಕು. ಕಂಠ 42 ಮಿಲಿಮೀಟರಿನದಾದರೆ ಸಲೀಸು, 28 ಮಿಲಿಮೀಟರಿನದಾದರೆ ಧಾರೆ ಸ್ವಲ್ಪ ವಾಲಿದರೂ ನೀರು ಮಣಿಕಟ್ಟಿನ ಮೇಲೆ. ಅದರ ಮುಚ್ಚಳ ಬೇರೆ ಇನ್ನೊಂದು ಕೈಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಗುಂಡಿ ಒತ್ತಲು ಮೂರನೆಯ ಕೈ ಬೇಕು.

ನಮ್ಮ ಜಗ್ಗಿನದು ಹಿಡಿಕೆ. ಕೆಳಗೆ ಅದುಮಿದರೆ ಅದುಮಿದಷ್ಟು ಹೊತ್ತು ನೀರು, ಬಿಟ್ಟ ಕೂಡಲೇ ಬಂದ್. 40 ಕಿಲೋಮೀಟರ್ ಮುಗಿಸಿ ಬಂದ ಅಕ್ಕ ಅದರ ಮುಂದೆ ನಿಂತದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಬಾಟಲಿಯ ಮುಚ್ಚಳ ಹಲ್ಲುಗಳ ನಡುವೆ. ಎಡಗೈ ಮೇಜಿನ ಅಂಚಿನ ಮೇಲೆ, ಏಕೆಂದರೆ ತೊಡೆ ನಡುಗುತ್ತಿತ್ತು. ಬಲಗೈಯಲ್ಲಿ ಬಾಟಲಿಯ ಕಂಠ. ಅದೇ ಕೈಯ ಗೆಣ್ಣಿನಿಂದ ಹಿಡಿಕೆಯನ್ನು ಒತ್ತಿದಳು. ಒಂದು ಹನಿ ಚೆಲ್ಲದೆ ತುಂಬಿತು. ನಾನು ಸಹಾಯಕ್ಕೆ ಕೈ ಚಾಚಿದರೆ ತಲೆಯಲ್ಲಾಡಿಸಿ ಬೇಡವೆಂದಳು. ಅಲ್ಲಿಂದ ಹೊರಟ ಒಂಬತ್ತನೇ ಸುತ್ತಿನ ನಡುವೆಯೇ ಮ್ಯಾರಥಾನಿನ 42.195 ಕಿಲೋಮೀಟರ್ ದಾಟುತ್ತದೆ. ಅಲ್ಲಿಂದ ಮುಂದಿನ ಪ್ರತಿ ಹೆಜ್ಜೆಯೂ ಅಲ್ಟ್ರಾ, ಅಂದರೆ ಮ್ಯಾರಥಾನನ್ನೂ ಮೀರಿದ ಓಟ. ಅಂಥ ಹೊತ್ತಿನಲ್ಲಿ ಯಾರ ಹಂಗೂ ಇಲ್ಲದೆ ನೀರು ತುಂಬಿಕೊಳ್ಳಲು ಸಾಧ್ಯವಾದದ್ದು ಈ ಜಗ್ಗಿನ ಅತಿ ದೊಡ್ಡ ಗುಣ.

ಅದೇ ಹಿಡಿಕೆಯಲ್ಲಿ ಒಂದು ದೋಷವೂ ಇದೆ. ಮೇಲಕ್ಕೆತ್ತಿದರೆ ಅದು ತೆರೆದೇ ನಿಲ್ಲುತ್ತದೆ. ಪಾತ್ರೆ ತುಂಬಿಸುವವರಿಗೆ ಅನುಕೂಲ, ಕಾವಲಿಲ್ಲದ ಮೇಜಿಗೆ ಅಪಾಯ. ಒಂದು ಓಟದಲ್ಲಿ ಯಾರೋ ಎತ್ತಿಟ್ಟು ಹೊರಟುಹೋದರು. ಹಿಂದೆಯೇ ಬಂದವರು ನೋಡದಿದ್ದರೆ ಅಷ್ಟೂ ನೀರು ಮಣ್ಣಿನ ಪಾಲಾಗುತ್ತಿತ್ತು. ಈಗ ಹಿಡಿಕೆಯ ಬುಡಕ್ಕೆ ದಪ್ಪ ರಬ್ಬರ್ ಬ್ಯಾಂಡ್ ಸುತ್ತಿಡುತ್ತೇವೆ, ಮೇಲಕ್ಕೆ ಏಳುವುದೇ ಇಲ್ಲ. ತಯಾರಿಸುವವರೇ ಎತ್ತುವ ಅನುಕೂಲವನ್ನು ತೆಗೆದುಹಾಕಿದರೆ ಒಳ್ಳೆಯದು.

ಮುಚ್ಚಳದ ಬಗ್ಗೆ ನನಗೆ ನಿಜವಾದ ಕೋಪವಿದೆ. ಇದು ತಿರುಗಿಸಿ ಮುಚ್ಚುವ, ಅಂಚಿಗೆ ರಬ್ಬರಿನ ಬಳೆಯಿರುವ ಮುಚ್ಚಳ. ಪೂರ್ತಿ ಬಿಗಿ ಮಾಡಿದರೆ ಗಾಳಿ ಒಳಗೆ ಹೋಗುವುದಿಲ್ಲ. ನೀರು ಹೊರಬಂದಷ್ಟೂ ಒಳಗಿನ ಒತ್ತಡ ಇಳಿಯುತ್ತದೆ, ಧಾರೆ ಸೊರಗುತ್ತದೆ, ಕೊನೆಗೆ ಗುಳುಗುಳು ಎಂದು ನಿಂತೇಬಿಡುತ್ತದೆ. ಅಕ್ಕನ ಓಟದ ಎರಡನೇ ಸುತ್ತಿನಲ್ಲಿ ಮುಂದೆ ಓಡುತ್ತಿದ್ದ ಗೆಳೆಯನೊಬ್ಬ ಹಿಡಿಕೆ ಒತ್ತಿ, ಹನಿ ಬೀಳುವುದನ್ನು ಕಂಡು, ನೀರು ಮುಗಿದಿದೆ ಎಂದುಕೊಂಡು ಬರಿಯ ಬಾಟಲಿಯೊಂದಿಗೇ ಮುಂದೆ ಹೋದ. ಜಗ್ಗಿನಲ್ಲಿ ಆಗ ಹತ್ತು ಲೀಟರಿಗೂ ಮಿಕ್ಕಿ ನೀರಿತ್ತು! ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿದರೆ ಎಲ್ಲ ಸರಿಹೋಗುತ್ತದೆ, ಆದರೆ ಜೊತೆಗೆ ಬಂದ ಸೂಚನೆಯ ಹಾಳೆಯಲ್ಲಿ ಈ ಮಾತೇ ಇಲ್ಲ. ಕೆಲವು ಜಗ್ಗುಗಳ ಮುಚ್ಚಳದಲ್ಲಿ ಗಾಳಿಗೆಂದೇ ಚಿಕ್ಕ ಬಿರಡೆ ಇರುತ್ತದೆ. ಕೊಳ್ಳುವಾಗ ಅಂಥದನ್ನೇ ಆರಿಸಿ.

ಗಾಳಿ ಸರಿಯಿದ್ದರೂ ನೀರು ಇಳಿದಂತೆ ಧಾರೆಯ ರಭಸ ಇಳಿಯುತ್ತದೆ. ಇದು ಜಗ್ಗಿನ ತಪ್ಪಲ್ಲ. ನಲ್ಲಿಯ ಮೇಲಿರುವ ನೀರಿನ ಎತ್ತರ ಕಾಲು ಭಾಗಕ್ಕೆ ಬಂದಾಗ ಧಾರೆಯ ವೇಗ ಅರ್ಧಕ್ಕೆ ಬರುತ್ತದೆ, ಬಾಟಲಿ ತುಂಬಲು ಎರಡರಷ್ಟು ಹೊತ್ತು ಹಿಡಿಯುತ್ತದೆ. ನಾಲ್ಕೈದು ಜನ ಒಟ್ಟಿಗೆ ಬಂದರೆ ಅಲ್ಲೇ ಸಾಲು, ನಿಂತ ಕಾಲುಗಳೆಲ್ಲ ಬಿಗಿಯಾಗುತ್ತವೆ. ಹಾಗಾಗಿ ಕಾಲು ಭಾಗ ಉಳಿದಿರುವಾಗಲೇ ತುಂಬಿಸಿಬಿಡುವುದು ಒಳಿತು. ಜಗ್ಗನ್ನು ಸೊಂಟದೆತ್ತರದ ಮೇಜಿನ ಮೇಲೆ, ನಲ್ಲಿ ಅಂಚಿನಿಂದ ಆಚೆ ಚಾಚುವಂತೆ ಇಡಿ. ಅಷ್ಟು ದೂರ ಓಡಿದವರು ಬಗ್ಗಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ.

ತಂಪಿನ ವಿಷಯದಲ್ಲಿ ಜಗ್ ಮಾತು ಉಳಿಸಿಕೊಂಡಿದೆ. ಒಂದು ಕಿಲೋ ಮಂಜುಗಡ್ಡೆ ಕರಗುವಾಗ ಎಂಟು ಲೀಟರ್ ನೀರನ್ನು ಸುಮಾರು ಹತ್ತು ಡಿಗ್ರಿ ಸೆಲ್ಸಿಯಸ್ ತಣಿಸುತ್ತದೆ. 20 ಲೀಟರಿಗೆ ಎರಡೂವರೆ ಕಿಲೋ ಸಾಕು. ಪುಡಿ ಮಂಜಿಗಿಂತ ದೊಡ್ಡ ಗಡ್ಡೆ ಹಾಕಿದರೆ ಬೇಗ ಕರಗುವುದಿಲ್ಲ. ನೆರಳಿನಲ್ಲಿಟ್ಟ ಜಗ್ಗಿನಲ್ಲಿ ಬೆಳಗಿನ ಜಾವ ಹಾಕಿದ ಗಡ್ಡೆ ಬಿಸಿಲೇರಿದ ಮೇಲೂ ಗೋಡೆಗೆ ಬಡಿಯುವುದು ಕೇಳಿಸುತ್ತಿತ್ತು. ನೇರ ಬಿಸಿಲಿನಲ್ಲಿ ಅಷ್ಟು ಬಾಳುವುದಿಲ್ಲ.

ಕೈಗೆಟುಕುವಲ್ಲಿ ತಂಪು ನೀರಿಟ್ಟವರಿಗೆ ಇನ್ನೊಂದು ಹೊಣೆಯೂ ಇದೆ, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ದೂರದ ಓಟದಲ್ಲಿ ಬಾಯಾರಿಕೆ ಮೀರಿ ಕುಡಿದರೆ ರಕ್ತದ ಸೋಡಿಯಂ ಕುಸಿಯುತ್ತದೆ, ಪ್ರಾಣಕ್ಕೂ ಕುತ್ತು ಬರಬಹುದು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಓಟ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ಶೇಕಡಾ 13 ಮಂದಿಯಲ್ಲಿ ಸೋಡಿಯಂ ಕಡಿಮೆಯಿತ್ತು. ಓಡುತ್ತ ಓಡುತ್ತ ತೂಕ ಹೆಚ್ಚಿಸಿಕೊಂಡವರಲ್ಲೇ, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಲ್ಲೇ, ಅದು ಎದ್ದು ಕಂಡಿತು. ನಾವು ಜಗ್ಗಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದೇವೆ: “ಬಾಯಾರಿದಷ್ಟೇ ಕುಡಿಯಿರಿ.” ತಲೆನೋವು, ವಾಕರಿಕೆ, ಬೆರಳುಗಳ ಊತ, ಗೊಂದಲದ ಮಾತು ಕಂಡರೆ ಇನ್ನಷ್ಟು ನೀರು ಕುಡಿಸಬಾರದು, ಓಟ ನಿಲ್ಲಿಸಿ ವೈದ್ಯರ ಬಳಿ ಕರೆದೊಯ್ಯಬೇಕು ಎಂದು ಹೊರಡುವ ಮುನ್ನ ಎಲ್ಲರಿಗೂ ಹೇಳುತ್ತೇವೆ.

ಉಪ್ಪು ಸಕ್ಕರೆಯ ಪಾನಕವನ್ನು ಈ ಜಗ್ಗಿಗೆ ಹಾಕಬೇಡಿ. ಲೀಟರಿಗೆ 60 ಗ್ರಾಂ ಸಕ್ಕರೆ ಎಂದರೂ ಪೂರ್ತಿ ಜಗ್ಗಿಗೆ ಒಂದು ಕಿಲೋಗೂ ಮೀರುತ್ತದೆ. ಸರಿಯಾಗಿ ಕರಗದಿದ್ದರೆ ನಲ್ಲಿಯ ಮಟ್ಟಕ್ಕೆ ಇಳಿದು, ಮೊದಲು ಬಂದವರಿಗೆ ಪಾಕ, ಕೊನೆಗೆ ಬಂದವರಿಗೆ ಬರಿನೀರು. ಪ್ಲಾಸ್ಟಿಕ್ ಆ ವಾಸನೆಯನ್ನು ಬಿಡುವುದೂ ಇಲ್ಲ. ಅದಕ್ಕೆ ಚಿಕ್ಕದೊಂದು ಬೇರೆ ಜಗ್ ಇರಲಿ, ಸಕ್ಕರೆಯನ್ನು ಬಿಸಿನೀರಿನಲ್ಲಿ ಕರಗಿಸಿಯೇ ಬೆರೆಸಿ.

ತುಂಬಿದ ಜಗ್ 20 ಕಿಲೋ ದಾಟುತ್ತದೆ. ಇಬ್ಬರು ಹಿಡಿದರೆ ಎರಡು ಬದಿಯ ಹಿಡಿಗಳು ಗಟ್ಟಿಯಾಗಿವೆ, ಒಬ್ಬರೇ ಎತ್ತಲು ಹೋಗಬೇಡಿ. ನೀರನ್ನು ಕ್ಯಾನುಗಳಲ್ಲಿ ಒಯ್ದು ಮೇಜಿನ ಮೇಲೆಯೇ ತುಂಬಿಸುವುದು ಇನ್ನೂ ಸುಲಭ.

ಐದಾರು ಜನರ ಓಟಕ್ಕೆ ಇಷ್ಟು ದೊಡ್ಡದು ಬೇಡ. ಒಂದೂರಿನಿಂದ ಇನ್ನೊಂದೂರಿಗೆ ನೇರ ಓಡುವವರಿಗೆ ಇದು ಉಪಯೋಗಕ್ಕೇ ಬರುವುದಿಲ್ಲ. ಸುತ್ತು ಹಾಕಿ ಓಡುವ, ಕರೆದವರೂ ಓಡಲೇಬೇಕೆಂಬ ಗುಂಪಿಗೆ ನಾನು ಇದನ್ನು ಮನಸಾರೆ ಹೇಳುತ್ತೇನೆ. ತೊಳೆಯುವಾಗ ನಲ್ಲಿಯನ್ನು ಬಿಚ್ಚಿ ತೊಳೆಯಿರಿ, ಲೋಳೆ ಕೂರುವುದು ಅಲ್ಲೇ. ಮುಚ್ಚಳ ತೆಗೆದೇ ಒಣಗಿಸಿ. ಮತ್ತೆ ಜೋಡಿಸುವಾಗ ವಾಷರ್ ತಿರುಚಿಕೊಂಡರೆ ರಾತ್ರಿಯಿಡೀ ಸೋರುತ್ತದೆ. ಜೊತೆಗೆ ಬರುವುದು ಒಂದೇ ವಾಷರ್, ಅದೇ ಅಳತೆಯ ಇನ್ನೆರಡನ್ನು ಆಗಲೇ ಕೊಂಡಿಟ್ಟುಕೊಳ್ಳಿ.