ಗಿಲ್ರೇ ವ್ಯಂಗ್ಯಚಿತ್ರಗಳ ಹಳೆಯ ಮುದ್ರಿಕೆ ಕೊಳ್ಳುವವರು ಹಿಂಬದಿ ನೋಡದೆ ಹಣ ಕೊಡಬೇಡಿ

ಹದಿನೆಂಟನೆಯ ಶತಮಾನದ ಕೊನೆಯ ಇಂಗ್ಲೆಂಡಿನ ಕಲಾವಿದ ಜೇಮ್ಸ್ ಗಿಲ್ರೇಯ ರಾಜಕೀಯ ವ್ಯಂಗ್ಯಚಿತ್ರಗಳ ಮೂಲ ಮುದ್ರಿಕೆಯನ್ನು, ಅಂದರೆ ಆತನ ಕಾಲದಲ್ಲೇ ಅಚ್ಚಾದ ಪ್ರತಿಯನ್ನು, ಕೊಳ್ಳಬೇಕೆಂದಿರುವವರು ನನಗಾದ ಈ ಮೋಸವನ್ನು ಮೊದಲು ತಿಳಿದುಕೊಳ್ಳಬೇಕೆಂದು ಕೋರುತ್ತೇನೆ.

ಲಂಡನ್ನಿನ ವ್ಯಾಪಾರಿಯೊಬ್ಬರಿಂದ ನಾನು ತರಿಸಿಕೊಂಡದ್ದು 'ಸ್ಮೆಲಿಂಗ್ ಔಟ್ ಎ ರ‍್ಯಾಟ್' ಎಂಬ ಪ್ರಸಿದ್ಧ ಚಿತ್ರ. ಫ್ರಾನ್ಸಿನ ಕ್ರಾಂತಿಯನ್ನು ಸ್ವಾಗತಿಸಿ 1789ರ ನವೆಂಬರಿನಲ್ಲಿ ಉಪದೇಶ ನೀಡಿದ ರಿಚರ್ಡ್ ಪ್ರೈಸ್ ಅದರಲ್ಲಿ ಮೇಜಿನ ಮುಂದೆ ಬೆಚ್ಚಿಬಿದ್ದು ತಿರುಗಿ ನೋಡುತ್ತಾರೆ. ಹೊಗೆಯ ನಡುವಿನಿಂದ ಆ ಕ್ರಾಂತಿಯನ್ನು ವಿರೋಧಿಸಿದ ರಾಜಕಾರಣಿ ಎಡ್ಮಂಡ್ ಬರ್ಕನ ದೈತ್ಯ ಮೂಗು, ಕನ್ನಡಕ, ಕಿರೀಟವನ್ನೂ ಶಿಲುಬೆಯನ್ನೂ ಹಿಡಿದ ಕೈಗಳು ಅವರತ್ತ ಚಾಚಿಕೊಂಡಿವೆ. ಚಿತ್ರದ ಪೂರ್ಣ ಶೀರ್ಷಿಕೆ ಪ್ರೈಸ್ ಅವರನ್ನು ನಾಸ್ತಿಕ ಕ್ರಾಂತಿಕಾರಿ ಎನ್ನುತ್ತದೆ. ಆದರೆ ಅವರು ಇಂಗ್ಲೆಂಡಿನ ಅಧಿಕೃತ ಚರ್ಚನ್ನು ಒಪ್ಪದ ಭಿನ್ನಮತೀಯ ಕ್ರೈಸ್ತರ ಪಾದ್ರಿ, ದೃಢ ದೈವಭಕ್ತ. ವ್ಯಾಪಾರಿಯ ವಿವರಣೆಯಲ್ಲೂ 'ನಾಸ್ತಿಕ ಚಿಂತಕ ಪ್ರೈಸ್' ಎಂದೇ ಇತ್ತು. ಇನ್ನೂರು ವರ್ಷಗಳ ಹಿಂದಿನ ನಿಂದೆಯನ್ನು ಇಂದಿಗೂ ಸಂಗತಿಯೆಂದು ಮಾರುವುದು ನನಗೆ ಬಹಳ ನೋವಿನ ವಿಷಯ.

ಚಿತ್ರ ಬಂದದ್ದು ಚೌಕಟ್ಟಿನೊಳಗೆ, ಹಿಂಬದಿಗೆ ಕಂದು ಕಾಗದ ಅಂಟಿಸಿದ ಸ್ಥಿತಿಯಲ್ಲಿ. ಚೌಕಟ್ಟು ಬದಲಿಸಲು ಕೊಟ್ಟಾಗ ಕೆಲಸಗಾರರು ಆ ಕಾಗದವನ್ನು ಬಿಚ್ಚಿದರು. ಹಾಳೆಯ ಹಿಂಬದಿಯಲ್ಲಿ ಗಿಲ್ರೇಯದೇ ಇನ್ನೊಂದು ವ್ಯಂಗ್ಯಚಿತ್ರ ಪೂರ್ತಿಯಾಗಿ ಅಚ್ಚಾಗಿತ್ತು. 1790ರಲ್ಲಿ ಗಿಲ್ರೇ ಚಿತ್ರಗಳ ಪ್ರಕಾಶಕಿ ಹ್ಯಾನಾ ಹಂಫ್ರಿಯ ಅಂಗಡಿಯಲ್ಲಿ ಬಿಡಿಯಾಗಿ ಮಾರಿದ ಹಾಳೆ ಹೀಗಿರುವುದಿಲ್ಲ. ಗಿಲ್ರೇ 1815ರಲ್ಲಿಯೂ ಹಂಫ್ರಿ ಅದಾದ ಕೆಲವೇ ವರ್ಷಗಳಲ್ಲಿಯೂ ತೀರಿಕೊಂಡ ಮೇಲೆ ಚಿತ್ರ ಕೊರೆದು ಅಚ್ಚು ತೆಗೆಯುತ್ತಿದ್ದ ತಾಮ್ರದ ಫಲಕಗಳಲ್ಲಿ ಉಳಿದವು ಮುಂದೆ ಹೆನ್ರಿ ಬೋನ್ ಎಂಬ ಪ್ರಕಾಶಕರ ಕೈಸೇರಿದವು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅವರು ಅದೇ ಫಲಕಗಳಿಂದ, ಬಣ್ಣವಿಲ್ಲದೆ, ಕಾಗದದ ಎರಡೂ ಬದಿಗೆ ಅಚ್ಚು ಹಾಕಿಸಿ ದೊಡ್ಡ ಸಂಪುಟ ಹೊರತಂದರು. ಆ ಸಂಪುಟದಿಂದ ಹರಿದ ಹಾಳೆಗೆ ಯಾರೋ ಬಣ್ಣ ಬಳಿದು ನನಗೆ ಮಾರಿದ್ದರು.

ವ್ಯಾಪಾರಿ ಪುರಾವೆಯಾಗಿ ತೋರಿಸಿದ್ದು ಚಿತ್ರದ ಕೆಳಗಿನ '1790, ಡಿಸೆಂಬರ್ 3' ಎಂಬ ತಾರೀಖನ್ನು. ಮುದ್ರಿತ ಚಿತ್ರಗಳ ಹಕ್ಕನ್ನು ಕಾಯುವ ಬ್ರಿಟನ್ನಿನ 1735ರ ಕಾಯಿದೆಯಂತೆ ಪ್ರಕಟಣೆಯ ತಾರೀಖನ್ನು ಫಲಕದ ಮೇಲೆಯೇ ಕೊರೆಯಬೇಕಿತ್ತು. ಆದ್ದರಿಂದ ಆ ಫಲಕದಿಂದ ಅರವತ್ತು ವರ್ಷ ಬಿಟ್ಟು ತೆಗೆದ ಪ್ರತಿಯಲ್ಲೂ ಅದೇ ತಾರೀಖು ಮೂಡುತ್ತದೆ. ಇದನ್ನು ವಿವರಿಸಿ ಪತ್ರ ಬರೆದಾಗ 'ಮೂಲ ಫಲಕದ್ದೇ ಆದ್ದರಿಂದ ಇದು ಮೂಲವೇ' ಎಂಬ ಉತ್ತರ ಬಂದಿತು, ಹಣ ಬರಲಿಲ್ಲ.

ಕೊಳ್ಳುವ ಮುನ್ನ ಚೌಕಟ್ಟಿನಿಂದ ಹೊರತೆಗೆದ ಹಾಳೆಯ ಎರಡೂ ಬದಿಯ ಛಾಯಾಚಿತ್ರ ಕೇಳಿರಿ, ಬೆಳಕಿಗೆ ಹಿಡಿದು ತೆಗೆದದ್ದನ್ನೂ ಕೇಳಿರಿ. ಬೋನ್ ಪ್ರತಿಗಳ ಮೇಲ್ಭಾಗದ ಬಲಮೂಲೆಯಲ್ಲಿ ಸಾಮಾನ್ಯವಾಗಿ ಒಂದು ಸಂಖ್ಯೆ ಇರುತ್ತದೆ, ಮೇಲಂಚನ್ನು ವಿಪರೀತ ಕತ್ತರಿಸಿದ್ದರೆ ಅನುಮಾನಿಸಿರಿ. ಬ್ರಿಟಿಷ್ ಮ್ಯೂಸಿಯಂ ತನ್ನಲ್ಲಿರುವ ಪ್ರತಿಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ, ಹೋಲಿಸಿ ನೋಡಬಹುದು. ಹಿಂಬದಿ ತೋರಿಸಲು ಒಪ್ಪದವರೊಡನೆ ವ್ಯವಹಾರ ಬೇಡ.

ಕನ್ನಡಿಗರಿಗೆ ಇದನ್ನು ಹೇಳಲೇಬೇಕಾದ ಕಾರಣವೊಂದಿದೆ. 1791ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿದ್ದನ್ನು ಗೇಲಿ ಮಾಡಿ ಗಿಲ್ರೇ ರಚಿಸಿದ ಚಿತ್ರವನ್ನು ನಮ್ಮವರು ಆಸೆಯಿಂದ ಹುಡುಕುತ್ತಾರೆ; ಅದೇ ವ್ಯಾಪಾರಿ ಈಗ ಅದನ್ನೂ ಹಿಂಬದಿ ಮುಚ್ಚಿದ ಚೌಕಟ್ಟಿನಲ್ಲಿ, 'ಮೂಲ ಪ್ರತಿ' ಎಂದು ಮಾರಾಟಕ್ಕೆ ಇಟ್ಟಿದ್ದಾರೆ.