ಸೇಡಂ ರಸ್ತೆಯಲ್ಲಿ ಎರಡು ಬೇಸಿಗೆ ಕಂಡ ಹಳದಿ ಜೆರ್ಸಿ

ಕಲಬುರಗಿಯಿಂದ ಸೇಡಂ ರಸ್ತೆ ಹಿಡಿದು ಮಳಖೇಡದ ಕಡೆಗೆ ಬೇಸಿಗೆಯಲ್ಲೂ ಸೈಕಲ್ ತುಳಿಯುವವರಿಗೆ ಭಯ ಎರಡೇ: ಹಿಂದಿನಿಂದ ಬರುವ ಸಿಮೆಂಟ್ ಲಾರಿ, ಮತ್ತು ಒಂಬತ್ತು ಗಂಟೆ ದಾಟಿದ ಮೇಲಿನ ಬಿಸಿಲು. ಎರಡಕ್ಕೂ ಇದೊಂದೇ ಸಾಕು ಎಂಬ ಮಾರಾಟಗಾರರ ಮಾತನ್ನು ನಂಬಿ, 1,450 ರೂಪಾಯಿ ಕೊಟ್ಟು ತರಿಸಿದ ತುಂಬುತೋಳಿನ ನಿಯಾನ್ ಹಳದಿ ಪಾಲಿಯೆಸ್ಟರ್ ಜೆರ್ಸಿಯನ್ನು ಎರಡು ಬೇಸಿಗೆ ತೊಟ್ಟ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಬಣ್ಣದ ವಿಷಯದಲ್ಲಿ ಆ ಮಾತು ಅರ್ಧ ನಿಜ. ನಿಯಾನ್ ಬಣ್ಣವು ಸೂರ್ಯನ ಬೆಳಕಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಹೀರಿ ಕಾಣುವ ಬೆಳಕಾಗಿ ಹೊರಸೂಸುವುದರಿಂದ, ಹಗಲಿನಲ್ಲಿ, ಅದರಲ್ಲೂ ಮೋಡ ಕವಿದಾಗ, ಸಾಮಾನ್ಯ ಹಳದಿಗಿಂತ ಎಷ್ಟೋ ದೂರದಿಂದ ಎದ್ದು ಕಾಣುತ್ತದೆ. ಆದರೆ ಬಿಸಿಲಿಗೆ ಹೆದರಿ ನಾವು ಹೊರಡುವುದು ಬೆಳಗಿನ ಐದಕ್ಕೆ. ಆ ಕತ್ತಲೆಯಲ್ಲಿ ಇದು ಬರೀ ತಿಳಿಬಣ್ಣದ ಬಟ್ಟೆ. ಹೆಡ್‌ಲೈಟಿನ ಬೆಳಕನ್ನು ಅದು ಬಂದ ದಿಕ್ಕಿಗೇ ಮರಳಿಸುವ ಪ್ರತಿಫಲಕ ಪಟ್ಟಿಯೇ ಆಗ ಕೆಲಸಕ್ಕೆ ಬರುವುದು. ಈ ಜೆರ್ಸಿಯಲ್ಲಿ ಅದು ಹಿಂಜೇಬಿನ ಮೇಲೆ ಒಂದೇ ಒಂದು ಇದ್ದು, ಜೇಬಿಗೆ ಬಾಳೆಹಣ್ಣು ತುರುಕಿದರೆ ಮಡಚಿಕೊಳ್ಳುತ್ತದೆ. ಮೊದಲ ಬೇಸಿಗೆ ಮುಗಿಯುವ ಮೊದಲೇ ಒಗೆತಕ್ಕೆ ಸಿಪ್ಪೆ ಏಳತೊಡಗಿತು. ಒಮ್ಮೆ ಬೈಕಿನಲ್ಲಿ ಹಿಂದೆ ಬಂದ ತಮ್ಮ ಹೇಳಿದ್ದು ಇಷ್ಟು: "ಅಣ್ಣಾ, ಅಂಗಿ ಕಾಣಲಿಲ್ಲ, ಕಾಲು ಕಂಡಿತು." ಕಾಲಿನ ಹರಡಿಗೆ ಸುತ್ತಿದ್ದ ಅಗ್ಗದ ಪ್ರತಿಫಲಕ ಪಟ್ಟಿ ಪೆಡಲ್ ಜೊತೆ ಮೇಲೆ ಕೆಳಗೆ ಆಡುತ್ತಿದ್ದುದರಿಂದ, ಅದು ಮೈಲಿಗಲ್ಲಲ್ಲ, ಮನುಷ್ಯ ಎಂದು ದೂರದಿಂದಲೇ ತಿಳಿಯಿತಂತೆ.

ಸೆಕೆಯ ಮಟ್ಟಿಗೆ ಜೆರ್ಸಿ ತನ್ನ ಬೆಲೆಗೆ ನ್ಯಾಯ ಒದಗಿಸಿದೆ. ಹತ್ತಿಯ ಬನಿಯನ್ ಬೆವರು ಕುಡಿದು ಭಾರವಾಗಿ ಕಂಕುಳನ್ನು ಉಜ್ಜುತ್ತದೆ. ಇದು ಹಾಗಲ್ಲ, ನಮ್ಮ ಕಡೆಯ ಒಣಹವೆಯಲ್ಲಿ ನಿಂತ ಐದು ನಿಮಿಷಕ್ಕೆ ಒಣಗಿ, ಬೆನ್ನ ಮೇಲೆ ಉಪ್ಪಿನ ಬಿಳಿಗೆರೆ ಮಾತ್ರ ಉಳಿಸುತ್ತದೆ. ಗಾಳಿಯಲ್ಲೇ ತೇವ ತುಂಬಿರುವ ಮಂಗಳೂರಿನಂಥ ಊರಿನಲ್ಲಿ ಇಷ್ಟು ಬೇಗ ಒಣಗೀತೆಂದು ನಿರೀಕ್ಷಿಸಬಾರದು. ನಾನು ಮಾಡಿದ ತಪ್ಪೆಂದರೆ ಮೈಗೆ ಅಂಟುವ ಅಳತೆ ಆರಿಸಿದ್ದು: ಸ್ಪರ್ಧೆಗೆ ಅದು ಸರಿ, ಬಿಸಿಲಿಗೆ ಬಟ್ಟೆ ಮತ್ತು ಚರ್ಮದ ನಡುವೆ ಗಾಳಿ ಆಡುವಷ್ಟು ಸಡಿಲ ಬೇಕು. ಬೆನ್ನಿನ ಜಾಲರಿ ತಂಪೆನಿಸಿದರೂ, ಬಾಗಿ ಕೂತಾಗ ಸೂರ್ಯ ನೇರವಾಗಿ ಬೀಳುವುದು ಅಲ್ಲಿಗೇ ಆದ್ದರಿಂದ, ಮೇ ತಿಂಗಳ ಹೊತ್ತಿಗೆ ನನ್ನ ಬೆನ್ನು ಜರಡಿಯ ಅಚ್ಚು ಹೊಡೆಸಿಕೊಂಡಂತೆ ಚುಕ್ಕಿಚುಕ್ಕಿಯಾಗಿ ಕಪ್ಪಾಯಿತು. ಮನೆಯವರಿಗೆ ಅದೊಂದು ನಗೆಯ ವಸ್ತು. ಜಾಲರಿ ಕಂಕುಳಲ್ಲಿದ್ದರೆ ಸಾಕು.

ಒಗೆಯುವಾಗ ಬಟ್ಟೆ ಮೃದುವಾಗಿಸುವ ದ್ರವ ಹಾಕಬಾರದು, ಅದರ ಪದರ ಕೂತರೆ ಎಳೆಗಳು ಬೆವರನ್ನು ಸರಿಯಾಗಿ ಹರಡುವುದಿಲ್ಲ. ನೆರಳಿನಲ್ಲೇ ಒಣಗಿಸಿದರೂ ಎರಡನೆಯ ಬೇಸಿಗೆಗೆ ಹೆಗಲಿನ ಹಳದಿ ಬೆಣ್ಣೆಯ ಬಣ್ಣಕ್ಕೆ ಇಳಿಯಿತು, ಅಂದರೆ ಹಗಲಿನ ಹೊಳಪೂ ಅಷ್ಟಕ್ಕೇ ಮುಗಿಯಿತು. ಇದೇ ಜೆರ್ಸಿಯನ್ನು ಒಂದು ಅಳತೆ ದೊಡ್ಡದಾಗಿ ಮತ್ತೆ ಕೊಳ್ಳಲು ನನಗೆ ಅಡ್ಡಿಯಿಲ್ಲ, ಜಾಲರಿಯಿಲ್ಲದ ಬೆನ್ನಿನದು ಸಿಕ್ಕರೆ. ಕಾಲಿನ ಪಟ್ಟಿಯನ್ನು ಮಾತ್ರ ಅದಕ್ಕೂ ಮೊದಲೇ ಕೊಳ್ಳುತ್ತೇನೆ.